ಗೆರೆ ಎಳೆದವರು, ಗೆರೆ ದಾಟಿದವರು

ರಾಜಿ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿದೆ. ಜಗಳವಾಡುವ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರೆ ಊರು ನೆಮ್ಮದಿಯಾಗಿರುತ್ತದೆ ಎಂದು ನಂಬುತ್ತೇವೆ. ಆದರೆ ರಾಜಿಗೆ ಕೂತವರು ಇಬ್ಬರು, ಅದರ ಬೆಲೆ ತೆರಬೇಕಾದವರು ಅಲ್ಲಿಗೆ ಕರೆಯೇ ಇಲ್ಲದ ಮೂರನೆಯವರು ಎಂದಾದರೆ ಅದನ್ನು ಏನೆಂದು ಕರೆಯುವುದು? ಅಮೆರಿಕದ ಅಂತರ್ಯುದ್ಧಕ್ಕೆ ಮುಂಚಿನ ದಶಕಗಳನ್ನು ಓದುವಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

1787ರಲ್ಲಿ ಸಂವಿಧಾನ ಬರೆದವರು ಅದರಲ್ಲಿ ‘ಗುಲಾಮ’ ಎಂಬ ಪದ ಬಾರದಂತೆ ನೋಡಿಕೊಂಡರು. ಪದ ಇರಲಿಲ್ಲ, ಸಂಗತಿ ಇತ್ತು. ಪ್ರತಿನಿಧಿಗಳ ಸಂಖ್ಯೆಯನ್ನು ನಿಗದಿ ಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕಿತ್ತು; ಓಡಿಹೋದವರನ್ನು ಒಡೆಯರಿಗೆ ಮರಳಿಸಬೇಕಿತ್ತು. ಮತವೇ ಇಲ್ಲದವರ ತಲೆಯೆಣಿಕೆ ಅವರ ಒಡೆಯರ ಮತಕ್ಕೆ ತೂಕ ತಂದುಕೊಟ್ಟಿತು. 1820ರಲ್ಲಿ ಇನ್ನೊಂದು ರಾಜಿ. ಮಿಸೌರಿ ಗುಲಾಮಗಿರಿಯ ರಾಜ್ಯವಾಗಿ, ಮೇನ್ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಒಕ್ಕೂಟಕ್ಕೆ ಬರುವುದೆಂದು ಒಪ್ಪಿದರು. ಫ್ರಾನ್ಸ್‌ನಿಂದ ಕೊಂಡಿದ್ದ ಪಶ್ಚಿಮದ ನೆಲದಲ್ಲಿ 36 ಡಿಗ್ರಿ 30 ಮಿನಿಟಿನ ಅಕ್ಷಾಂಶದ ಉದ್ದಕ್ಕೂ ಗೆರೆ ಎಳೆದರು. ಮಿಸೌರಿಯೊಂದನ್ನು ಬಿಟ್ಟು, ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ.

ಗೆರೆಯ ಹಿಂದಿನ ತರ್ಕ ಸರಳ: ನಿಮ್ಮ ನೀತಿ ನಿಮಗೆ, ನಮ್ಮದು ನಮಗೆ. ಆದರೆ ನೆಲ ಇದ್ದಲ್ಲೇ ಇರುತ್ತದೆ, ಮನುಷ್ಯರು ನಡೆಯುತ್ತಾರೆ. 1838ರಲ್ಲಿ ಫ್ರೆಡೆರಿಕ್ ಡಗ್ಲಸ್ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ತಲುಪಿದರು. 1849ರಲ್ಲಿ ಹ್ಯಾರಿಯೆಟ್ ಟಬ್‌ಮನ್ ಅದೇ ರಾಜ್ಯದಿಂದ ಹೊರಬಿದ್ದರು. ಮತ್ತೆ ಮತ್ತೆ ಹಿಂದಿರುಗಿ ಬಂಧುಗಳನ್ನೂ ಇತರರನ್ನೂ ಕರೆತಂದರು. ಹೀಗೆ ಬಂದ ಒಬ್ಬೊಬ್ಬರೂ ಉತ್ತರದವರ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಂತಾಯಿತು: ಅಲ್ಲಿ ನಾನು ಸ್ವತ್ತು, ಇಲ್ಲಿ ನಾನು ಯಾರು?

1850ರ ರಾಜಿ ಈ ಪ್ರಶ್ನೆಯ ಬಾಯಿ ಮುಚ್ಚಿಸಲು ಹೊರಟಿತು. ಕ್ಯಾಲಿಫೋರ್ನಿಯಾ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಸೇರಿತು. ದಕ್ಷಿಣಕ್ಕೆ ಓಡಿಹೋದವರನ್ನು ಹಿಡಿಯುವ ಬಿಗಿಯಾದ ಕಾಯಿದೆ ಸಿಕ್ಕಿತು. ಸಿಕ್ಕಿಬಿದ್ದವರು ತಮ್ಮ ಪರವಾಗಿ ತಾವೇ ಸಾಕ್ಷಿ ಹೇಳುವಂತಿರಲಿಲ್ಲ. ಜ್ಯೂರಿ ವಿಚಾರಣೆಯೂ ಇರಲಿಲ್ಲ. ಒಡೆಯನಿಗೆ ಒಪ್ಪಿಸಿದರೆ ಕಮಿಷನರಿಗೆ 10 ಡಾಲರ್ ಶುಲ್ಕ, ಬಿಡುಗಡೆ ಮಾಡಿದರೆ 5. ಒಪ್ಪಿಸುವುದರಲ್ಲಿ ಕಾಗದಪತ್ರದ ಕೆಲಸ ಹೆಚ್ಚು ಎಂಬುದು ಅದಕ್ಕಿದ್ದ ಸಮಜಾಯಿಷಿ. ದಾರಿಯಲ್ಲಿ ನಿಂತವರನ್ನೂ ಹಿಡಿಯಲು ನೆರವಾಗಿ ಎಂದು ಕರೆಯಬಹುದಿತ್ತು. ಅಡ್ಡಿಪಡಿಸಿದರೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ.

ಗುಲಾಮಗಿರಿಯನ್ನು ಮೆಚ್ಚದ, ಆದರೆ ಅದರ ವಿರುದ್ಧ ಏನನ್ನೂ ಮಾಡದ ಒಬ್ಬ ಸಾಮಾನ್ಯ ಉತ್ತರದವನನ್ನು ಊಹಿಸಿಕೊಳ್ಳಿ. ಅವನ ಸೀಮೆಯ ಬಟ್ಟೆ ಗಿರಣಿಗಳು ನಡೆಯುತ್ತಿದ್ದದ್ದು ದಕ್ಷಿಣದ ಹತ್ತಿಯಿಂದ. ಅವನ ಕೈ ಮೊದಲೇ ಶುದ್ಧವಾಗಿರಲಿಲ್ಲ. ಆದರೂ ದೂರ ಎಂಬುದೊಂದು ಪರದೆ ಇತ್ತು. ಕಾಯಿದೆ ಆ ಪರದೆಯನ್ನು ಕಿತ್ತುಹಾಕಿತು. 1854ರಲ್ಲಿ ಬೋಸ್ಟನ್ನಿನಲ್ಲಿ ಆಂಥೊನಿ ಬರ್ನ್ಸ್ ಅವರನ್ನು ಸೈನಿಕರ ಕಾವಲಿನಲ್ಲಿ ಹಡಗಿನತ್ತ ನಡೆಸಿಕೊಂಡು ಹೋದಾಗ ಬೀದಿಯ ಇಕ್ಕೆಲಗಳಲ್ಲಿ ಸಾವಿರಾರು ಜನ ನಿಂತಿದ್ದರು. ಕಟ್ಟಡಗಳ ಮೇಲೆ ಶೋಕದ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಅಲ್ಲಿಯವರೆಗೆ ವಾದವಾಗಿದ್ದದ್ದು ಅಂದು ಒಬ್ಬ ಮನುಷ್ಯನ ಮುಖವಾಗಿ ಕಂಡಿತು.

ಬರ್ನ್ಸ್ ಸೆರೆಯಲ್ಲಿದ್ದ ದಿನಗಳಲ್ಲೇ ಕ್ಯಾನ್ಸಸ್-ನೆಬ್ರಾಸ್ಕ ಕಾಯಿದೆ ಬಂದು ಹಳೆಯ ಗೆರೆಯನ್ನು ಅಳಿಸಿತು. ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ನೆಲೆಸಿದವರೇ ತೀರ್ಮಾನಿಸಲಿ ಎಂದರು. ಕ್ಯಾನ್ಸಸ್‌ನಲ್ಲಿ ರಕ್ತ ಹರಿಯಿತು. 1857ರ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕಪ್ಪು ಜನ ದೇಶದ ಪ್ರಜೆಗಳೇ ಆಗಲಾರರು, ಅಂಥ ಗೆರೆ ಎಳೆಯುವ ಅಧಿಕಾರವೂ ಕಾಂಗ್ರೆಸ್ಸಿಗೆ ಇರಲಿಲ್ಲ ಎಂದಿತು.

ದಕ್ಷಿಣ ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ ಎಂಬ ಮಾತು ಈಗಲೂ ಕೇಳಿಬರುತ್ತದೆ. ಆದರೆ 1850ರ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆಂದು ಸಾರಿದ್ದು ಉತ್ತರದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್. 1860ರ ಡಿಸೆಂಬರಿನಲ್ಲಿ ಒಕ್ಕೂಟ ತೊರೆದ ದಕ್ಷಿಣ ಕೆರೊಲಿನಾ ತನ್ನ ಘೋಷಣೆಯಲ್ಲಿ ಎತ್ತಿದ ದೊಡ್ಡ ದೂರು, ಉತ್ತರದ ರಾಜ್ಯಗಳು ಓಡಿಬಂದವರನ್ನು ಹಿಡಿದುಕೊಡುತ್ತಿಲ್ಲ ಎಂಬುದು. ರಾಜ್ಯದ ಹಕ್ಕು ತನಗೆ ಬೇಕಿತ್ತು, ನೆರೆಯವರಿಗೆ ಬೇಡವಾಗಿತ್ತು.

ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಇನ್ನೊಂದು ರಾಜಿ ಅವರನ್ನು ಉಳಿಸುತ್ತಿರಲಿಲ್ಲವೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. 1850ರ ಕಾಯಿದೆಯನ್ನು ಬೆಂಬಲಿಸಿದ ಮ್ಯಾಸಚೂಸೆಟ್ಸ್‌ನ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ಅವರಿಗೆ ಒಕ್ಕೂಟ ಒಡೆದೀತೆಂಬ ಭಯ ನಿಜವಾಗಿಯೂ ಇತ್ತು. ಆದರೆ ಶಾಂತಿಯ ಲೆಕ್ಕವನ್ನು ಎಲ್ಲಿಂದ ಶುರುಮಾಡುತ್ತೇವೆ? 1860ರ ಜನಗಣತಿಯ ಪ್ರಕಾರ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ಹರಾಜಿನಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, ಯುದ್ಧಕ್ಕೆ ಮೊದಲು ಶಾಂತಿಯಿತ್ತು ಎಂದು ಯಾವ ಬಾಯಲ್ಲಿ ಹೇಳುವುದು? ಆ ರಾಜಿ ಒಕ್ಕೂಟಕ್ಕೆ ಗಳಿಸಿಕೊಟ್ಟ ಹತ್ತು ವರ್ಷ ಅವಳ ಪಾಲಿಗೆ ಇನ್ನೂ ಹತ್ತು ವರ್ಷದ ಬಿಟ್ಟಿ ದುಡಿತ.

ಹಾಗೆಂದು ರಾಜಿಯೇ ಕೆಟ್ಟದ್ದು ಎನ್ನಲಾಗದು. ತನ್ನದನ್ನು ಬಿಟ್ಟುಕೊಡುವ ರಾಜಿಗೆ ಘನತೆಯಿದೆ. ಇನ್ನೊಬ್ಬರ ಬದುಕನ್ನು ಬಿಟ್ಟುಕೊಟ್ಟು ಉದಾರಿ ಎನಿಸಿಕೊಳ್ಳುವುದು ಬೇರೆಯೇ ಮಾತು. ಗುಲಾಮಗಿರಿಯ ವಿರೋಧಿಗಳ ಹಠವೇ ದೇಶವನ್ನು ಒಡೆಯುತ್ತಿದೆ ಎಂದು ಆ ಕಾಲದಲ್ಲಿ ಬಹಳ ಮಂದಿ ದೂರಿದರು. ಬಿರುಕು ಮೊದಲಿನಿಂದಲೂ ಇತ್ತು. ಅದು ಗುಲಾಮರ ಬದುಕಿನ ನಡುವೆ ಹಾದುಹೋಗುತ್ತಿದ್ದುದರಿಂದ ಉಳಿದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಗೆರೆ ದಾಟಿ ಬಂದವರು ಅದನ್ನು ಕಾಣಿಸಿದರು.