ಕರೆಂಟ್ ಕೊಟ್ಟ ಮೇಲೆ

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರ ಬೆರಳನ್ನು ಹತ್ತಿರದಿಂದ ನೋಡಬೇಕು. ಬೇಸಿನ್ನಿನ ಬಿಸಿನೀರಿನಲ್ಲಿ ಗೂಡು ತೇಲುತ್ತಿರುತ್ತದೆ. ಅದರ ಎಳೆ ಹುಡುಕಿ ನೂಲಿಗೆ ಸೇರಿಸುತ್ತಲೇ ಇರುವ ಬೆರಳು ನೆನೆದು ಬಿಳಿಚಿ ಸುಕ್ಕುಗಟ್ಟಿರುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸದವರು ತಿರುಗುವ ಮರದ ಮೇಲೆ ಬಾಗಿ ಉಳಿ ಒತ್ತಿ ಹಿಡಿಯುತ್ತಾರೆ, ಅರಗಿನ ಬಣ್ಣ ಹತ್ತಿಸುತ್ತಾರೆ. ಸಂಜೆಗೆ ಭುಜ ಹಿಡಿದುಕೊಂಡಿರುತ್ತದೆ. ಮಾಗಡಿ, ಕನಕಪುರದ ಹೊಲಗಳಲ್ಲಿ ಸೊಂಟದ ಕಥೆಯೂ ಇದೇ. ಮಾತ್ರೆ ನುಂಗಿ ಸಾಕಾದವರು ಕೊನೆಗೆ ಫಿಸಿಯೋಥೆರಪಿಗೆ ಹೋಗಿ ಕೇಳುವುದು ಒಂದೇ: "ಸ್ವಲ್ಪ ಕರೆಂಟ್ ಕೊಡಿ ಮೇಡಂ."

ನಾಲ್ಕೂವರೆ ವರ್ಷ ಓದಿ ಬಂದವರ ವಿದ್ಯೆಯೆಲ್ಲ ಒಂದು ಪೆಟ್ಟಿಗೆಗೆ ಇಳಿದುಬಿಡುತ್ತದೆ! ಆ ಪೆಟ್ಟಿಗೆ ಮಾಡುವುದಾದರೂ ಏನು? ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ ಎಂದು 1965ರಲ್ಲಿ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ವಾದಿಸಿದರು. ಸ್ಪರ್ಶದ ಸುದ್ದಿ ತರುವ ದಪ್ಪ ನರಗಳು ಚುರುಕಾದರೆ ನೋವಿನ ಸುದ್ದಿ ತರುವ ಸಣ್ಣ ನರಗಳಿಗೆ ಆ ಬಾಗಿಲು ಮುಚ್ಚುತ್ತದೆ. ಮೊಣಕೈ ಬಡಿದಾಗ ಥಟ್ಟನೆ ಉಜ್ಜಿಕೊಳ್ಳುತ್ತೇವಲ್ಲ, ಅದೂ ಇದೇ ಲೆಕ್ಕ. ಟೆನ್ಸ್ ಎಂಬ ಆ ಪೆಟ್ಟಿಗೆ ಚರ್ಮಕ್ಕೆ ಅಂಟಿಸಿದ ಪಟ್ಟಿಗಳಿಂದ ಸೆಕೆಂಡಿಗೆ ನೂರರ ಆಸುಪಾಸು ಮಿಡಿತ ಕೊಟ್ಟು, ಕೈ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ. (ಎರಡು ಸಾವಿರ ವರ್ಷದ ಹಿಂದೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ವಿದ್ಯುತ್ ಮೀನನ್ನೇ ಇಡಿಸುತ್ತಿದ್ದ. ಜನ ಅಂದೂ ಸಾಲುಗಟ್ಟಿದ್ದರೋ ಏನೋ.)

381 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2022ರ ಒಂದು ವಿಮರ್ಶೆ, ಟೆನ್ಸ್ ಇಟ್ಟಿರುವಾಗ ಮತ್ತು ತೆಗೆದ ಕೂಡಲೇ ನೋವು ತಗ್ಗುತ್ತದೆ ಎಂದಿತು. ಸೊಂಟನೋವಿಗೆ ಇದನ್ನು ಕೊಡಬೇಡಿ ಎಂದು ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಹೇಳಿತ್ತು. ನನಗೆ ಇವೆರಡೂ ಒಂದನ್ನೊಂದು ಅಲ್ಲಗಳೆಯುವಂತೆ ಕಾಣುವುದಿಲ್ಲ. ಹಿತ ನಿಜ; ಮರುದಿನ ಬೇಸಿನ್ನಿನ ಎತ್ತರ ಅಷ್ಟೇ, ಕೂರುವ ಮಣೆ ಅದೇ, ಕೂಲಿಯೂ ಅಷ್ಟೇ. ನೋವು ತಂದ ಸುದ್ದಿಯನ್ನು ತಡೆದೆವು, ಸುದ್ದಿಯಲ್ಲಿದ್ದ ದೂರು ಹಾಗೇ ಉಳಿಯಿತು. ಹಾಗಾದರೆ ಆ ಹಿತ ಬರೀ ಭ್ರಮೆಯೇ? ಅಲ್ಲ. ಎತ್ತಲಾಗದಿದ್ದ ಭುಜ ಆ ಹೊತ್ತಿನಲ್ಲಿ ಎತ್ತಲು ಬರುತ್ತದೆ. ಒಳ್ಳೆಯ ಫಿಸಿಯೋ ವ್ಯಾಯಾಮ ಮಾಡಿಸಲು ಕಾಯುವುದು ಆ ಹೊತ್ತಿಗಾಗಿ.

ಲಕ್ವ ಹೊಡೆದವರ ವಿಷಯದಲ್ಲಿ ಪ್ರಶ್ನೆ ಇನ್ನೂ ಆಳಕ್ಕೆ ಹೋಗುತ್ತದೆ. 1961ರಲ್ಲಿ ಲಿಬರ್ಸನ್ ಎಂಬ ವೈದ್ಯ ಮತ್ತು ಜೊತೆಗಾರರು ಒಂದು ಉಪಾಯ ಪ್ರಕಟಿಸಿದರು. ಹಿಮ್ಮಡಿ ನೆಲ ಬಿಟ್ಟ ಕ್ಷಣ ಸ್ವಿಚ್ ಕೂಡಿಕೊಂಡು ಕಾಲಿನ ನರಕ್ಕೆ ವಿದ್ಯುತ್ ಹರಿಯುತ್ತದೆ, ಜೋತುಬಿದ್ದ ಪಾದ ಮೇಲೇಳುತ್ತದೆ. ಇಲ್ಲಿ ಕರೆಂಟ್ ಸುಮ್ಮನಾಗಿಸುವುದಲ್ಲ, ಎಬ್ಬಿಸುವುದು. ಇಂಥ ಕರೆಂಟ್ ಪಡೆಯುತ್ತ ಹಾಸಿಗೆಯ ಮೇಲಿರುವ ಹಿರಿಯರು ತಮ್ಮ ಪಾದವನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾರೆ. "ಯಂತ್ರ ಎತ್ತುವಾಗ ನೀವೂ ಎತ್ತಿ, ಅಪ್ಪಾಜಿ" ಎನ್ನುತ್ತಾಳೆ ಫಿಸಿಯೋ ಹುಡುಗಿ. ಎದ್ದದ್ದು ಯಂತ್ರದಿಂದಲೋ ಮನಸ್ಸಿನಿಂದಲೋ? ಮೊದಮೊದಲು ಅವರಿಗೂ ಗೊತ್ತಾಗುವುದಿಲ್ಲ. ಆದರೂ ಎತ್ತಬೇಕು ಎಂದು ಬಯಸುವ ಕೆಲಸವನ್ನು ಅವರೇ ಮಾಡಬೇಕು. ಅದನ್ನು ತಂತಿಯಲ್ಲಿ ಕಳಿಸಲಾಗದು. 'ನನ್ನ ಕಾಲು' ಎಂದು ಅಷ್ಟು ಸಲೀಸಾಗಿ ಹೇಳುವ ನಾವು ಆ ಬಯಕೆಯನ್ನು ದಿನಕ್ಕೆ ಎಷ್ಟು ಸಲ ಗಮನಿಸಿದ್ದೇವೆ?

ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು ಪಟ್ಟಿ ಅಂಟಿಸುವ ಮೊದಲೇ ಹೇಳಿಬಿಡಿ. ಉಳಿದವರು ಪಟ್ಟಿ ಕಿತ್ತ ಕೂಡಲೇ ಬಸ್ಸಿಗೆ ಓಡಬೇಡಿ. ವ್ಯಾಯಾಮ ಕೇಳಿ, ಅಲ್ಲೇ ಒಂದು ಸಲ ಮಾಡಿ ತೋರಿಸಿ ಹೊರಡಿ.