ಗೋಡೆಯ ನಡುವೆ ಎದ್ದ ಕೂಗು

ಸಭಾ ನಾಯಕರಿಗೆಂದು ಎಲ್ಲೇ ಶಿಬಿರ ನಡೆಯಲಿ, ಅಲ್ಲಿಗೆ ಬೈಬಲಿನ ನೆಹೆಮೀಯ ಬಂದೇ ಬರುತ್ತಾನೆ. ಶೂಷನ್ ಕೋಟೆಯಲ್ಲಿ ಅರಸ ಅರ್ತಷಸ್ತನಿಗೆ ಪಾನಪಾತ್ರೆ ಹಿಡಿಯುತ್ತಿದ್ದವನು, ಯೆರೂಸಲೇಮಿನ ಗೋಡೆ ಬಿದ್ದಿದೆಯೆಂದು ಕೇಳಿ ಕೂತು ಅತ್ತವನು, ಯಾರಿಗೂ ಹೇಳದೆ ರಾತ್ರಿ ಹೊತ್ತು ಆ ಗೋಡೆಯ ಸುತ್ತ ಹೋಗಿ ನೋಡಿ ಬಂದವನು, 52 ದಿನಗಳಲ್ಲಿ ಕೆಲಸ ಮುಗಿಸಿ ತೋರಿಸಿದವನು. ದರ್ಶನ ಅಂದರೆ ಹೀಗಿರಬೇಕು, ವಿರೋಧವನ್ನು ಎದುರಿಸುವುದು ಅಂದರೆ ಹೀಗೆ ಎಂದು ಉಪನ್ಯಾಸಕರು ಪ್ರೊಜೆಕ್ಟರಿನ ಪರದೆಯ ಮೇಲೆ ತೋರಿಸುತ್ತ ಹೋಗುತ್ತಾರೆ. ಅವನ ಪುಸ್ತಕದ ಮೊದಲ ನಾಲ್ಕು ಅಧ್ಯಾಯ ಮುಗಿಯುವ ಹೊತ್ತಿಗೆ ಊಟದ ಬಿಡುವು. ಊಟವಾದ ಮೇಲೆ ಆರನೆಯ ಅಧ್ಯಾಯ. ಐದು ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ.

ಐದರಲ್ಲಿ ಕಲ್ಲು ಗಾರೆಯ ಮಾತು ಸ್ವಲ್ಪವೇ. ಅಲ್ಲಿರುವುದು ಸಾಲ. ಗೋಡೆ ಏಳುತ್ತಿರುವಾಗ ಜನರೂ ಅವರ ಹೆಂಡಂದಿರೂ ಗೋಳಿಡುತ್ತಾರೆ. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆ ಒತ್ತೆಯಿಟ್ಟಾಗಿದೆ. ಅರಸನ ತೆರಿಗೆ ಕಟ್ಟಲು ಸಾಲ ಮಾಡಿಯಾಗಿದೆ. ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ಜೀತಕ್ಕೆ ಹೋಗಿದ್ದಾರೆ. ಈ ಗೋಳು ಗೋಡೆಗೆ ಅಡ್ಡಬಂದ ಹೊರಗಿನ ಶತ್ರುಗಳಾದ ಸನ್ಬಲ್ಲಟನ ವಿರುದ್ಧವಲ್ಲ, ಟೋಬೀಯನ ವಿರುದ್ಧವೂ ಅಲ್ಲ. ಸಾಲ ಕೊಟ್ಟವರು ಸ್ವಂತ ಜನ, ಅದೇ ಗೋಡೆ ಕಟ್ಟುತ್ತಿದ್ದ ಸಮುದಾಯದ ಪ್ರಮುಖರು.

ನೆಹೆಮೀಯನ ಜಾಗದಲ್ಲಿ ನಿಂತು ನೋಡಿದರೆ ಇಕ್ಕಟ್ಟು ಅರ್ಥವಾಗುತ್ತದೆ. ಹೊರಗೆ ಶತ್ರುಗಳು ಕಾದಿದ್ದಾರೆ. ಕೆಲಸ ಮುಗಿಯಬೇಕಾದರೆ ಶ್ರೀಮಂತರ ಹಣ ಬೇಕು, ಬಡವರ ತೋಳು ಬೇಕು. ಯಾರನ್ನು ಎದುರು ಹಾಕಿಕೊಂಡರೂ ಗೋಡೆಯ ಕೆಲಸ ನಿಂತುಹೋಗುತ್ತದೆ. ನಮ್ಮಲ್ಲಿ ಯಾವ ನಾಯಕನಾದರೂ ಆಗ ಆಡಬಹುದಾದ ಮಾತೊಂದಿದೆ: ಮೊದಲು ಇದೊಂದು ಮುಗಿಯಲಿ, ಆಮೇಲೆ ನೋಡೋಣ. ನೆಹೆಮೀಯ ಆ ಮಾತು ಆಡಲಿಲ್ಲ. ಅವನಿಗೆ ಸಿಟ್ಟು ಬಂತು, ಒಂದಿಷ್ಟು ಹೊತ್ತು ತನ್ನೊಳಗೇ ಯೋಚಿಸಿದ, ಆಮೇಲೆ ದೊಡ್ಡ ಸಭೆ ಕರೆದು ಪ್ರಮುಖರನ್ನು ಎಲ್ಲರೆದುರು ನಿಲ್ಲಿಸಿ ಕೇಳಿದ. ನಾನೂ ನನ್ನ ಅಣ್ಣತಮ್ಮಂದಿರೂ ಸಾಲ ಕೊಟ್ಟವರೇ ಎಂದು ಅದೇ ಸಭೆಯಲ್ಲಿ ಹೇಳಿದ. ಹೊಲ ಮನೆ ಹಿಂದಿರುಗಿಸುವ ಮಾತು ಪಡೆದ ಮೇಲೂ ನಂಬದೆ ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದ.

ಅದೇ ಅಧ್ಯಾಯದಲ್ಲಿ ಅವನು ತನ್ನ 12 ವರ್ಷಗಳ ಅಧಿಕಾರದ ಮಾತನ್ನೂ ಆಡುತ್ತಾನೆ. ಹಾಗಾಗಿ ಈ ಸಭೆ ನಡೆದದ್ದು ಗೋಡೆ ಮುಗಿದ ಮೇಲಿರಬೇಕು ಎನ್ನುವ ಪಂಡಿತರಿದ್ದಾರೆ. ಇರಬಹುದು. ಹಾಗಿದ್ದರೆ ಪುಸ್ತಕವನ್ನು ಜೋಡಿಸಿದವನ ಮೇಲೆ ನನಗೆ ಗೌರವ ಇನ್ನೂ ಹೆಚ್ಚು. ಸಾಲದ ಕಥೆಯನ್ನು ಕೊನೆಗೆ ಅನುಬಂಧವಾಗಿ ಸೇರಿಸದೆ, ಗೋಡೆಯ ಕೆಲಸದ ನಟ್ಟನಡುವೆ ತಂದು ಇಟ್ಟಿದ್ದಾನಲ್ಲ!

ನಮ್ಮಲ್ಲಿ ಅಂಥ ಕೂಗು ಅನುಬಂಧಕ್ಕೇ ಹೋಗುತ್ತದೆ, ಪಾಸ್ಟರೇಟ್ ಕಮಿಟಿಗಳಲ್ಲಿ ಕೂತು ಬಲ್ಲವರಿಗೆ ಇದು ಗೊತ್ತು. ದರ್ಶನವನ್ನು ಬೇಕೆಂದೇ ಕೈಬಿಟ್ಟ ಸಭೆಯನ್ನು ನಾನು ನೋಡಿಲ್ಲ. ಅದನ್ನು ಬ್ಯಾನರಿನಲ್ಲಿ ಬರೆಸಿರುತ್ತಾರೆ, ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿರುತ್ತಾರೆ. ಆದರೆ ಮಿನಿಟ್ಸ್ ಪುಸ್ತಕ ತೆರೆದರೆ ಬೇರೆಯೇ ದರ್ಶನ ಕಾಣುತ್ತದೆ. ಕಾಂಪೌಂಡಿನ ಅಂಗಡಿಗಳ ಬಾಡಿಗೆ, ಸಮುದಾಯ ಭವನದ ಎಸ್ಟಿಮೇಟು, ಆಸ್ತಿಯ ಕೇಸಿನ ಮುಂದಿನ ತಾರೀಖು, ಬರಲಿರುವ ಚುನಾವಣೆ. ಪ್ರತಿಯೊಂದೂ ಅಗತ್ಯದ್ದೇ, ಬಾಡಿಗೆ ವಸೂಲಿ ಮಾಡದೆ ಯಾವ ಸಭೆಯೂ ನಡೆಯದು. ಆದರೆ ಭಾನುವಾರ ಶಾಲೆಯ ಟೀಚರುಗಳ ಮನವಿ ಬರುವುದು ಎಲ್ಲರೂ ಗಡಿಯಾರ ನೋಡುವ ಹೊತ್ತಿಗೆ. ಕೆಲಸ ಕಳೆದುಕೊಂಡ ಕುಟುಂಬದ ವಿಷಯ ‘ಇತರೆ’ಯ ಕೆಳಗೆ. ಅಜೆಂಡಾದ ಈ ಅನುಕ್ರಮವನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಆದರೆ ಅದು ವರ್ಷಗಟ್ಟಲೆ ಬದಲಾಗುವುದೂ ಇಲ್ಲ.

ಒಳ್ಳೆಯ ಉದ್ದೇಶದಿಂದ ಹುಟ್ಟಿದ ಕೆಲಸಕ್ಕೂ ಒಳಗಿನ ಕೂಗನ್ನು ಕೇಳುವ ಇದೇ ಪರೀಕ್ಷೆ ಎದುರಾಗುತ್ತದೆ. ನಮ್ಮದೇ ನೆಲದ ಬಾಸೆಲ್ ಮಿಷನ್ನಿನ ಇತಿಹಾಸ ನೋಡಿ. 1834ರಲ್ಲಿ ಅದರ ಮಿಷನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಾಗ ಅವರ ಮನಸ್ಸಿನಲ್ಲಿ ಹೆಂಚಿನ ಕಾರ್ಖಾನೆ ಇರಲಿಲ್ಲ. ಕ್ರೈಸ್ತರಾದವರನ್ನು ಮನೆಯವರು ಹೊರಹಾಕಿದರು. ಅವರಿಗೆ ಜಮೀನು ತಪ್ಪಿತು, ಕುಲಕಸುಬು ತಪ್ಪಿತು. ಕಳ್ಳು ಇಳಿಸುವ ಕಸುಬು ಸಭೆಯವರಿಗೆ ಸಲ್ಲದೆಂದು ಮಿಷನ್ನೇ ಹೇಳುತ್ತಿದ್ದುದರಿಂದ ಬಿಲ್ಲವ ಕುಟುಂಬಗಳ ಅನ್ನದ ಪ್ರಶ್ನೆ ನೇರವಾಗಿ ಮಿಷನ್ನಿನ ಬಾಗಿಲಿಗೇ ಬಂತು. ಒಂದು ಮೌಲ್ಯವನ್ನು ಹಿಡಿದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನೂ ನೋಡಬೇಕಾಗುತ್ತದೆ. ಆ ಬೆಲೆಯನ್ನು ಹೊಸ ವಿಶ್ವಾಸಿಗಳೇ ಪೂರ್ತಿ ತೆರುವುದು ಬೇಡವೆಂದು ಮಗ್ಗಗಳು ಬಂದವು. 1851ರಲ್ಲಿ ಹಾಲರ್ ನೇಯ್ಗೆಯ ಕೆಲಸ ವಹಿಸಿಕೊಂಡ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ತೀರದ ಜೇಡಿಮಣ್ಣಿನ ಆ ಹೆಂಚುಗಳಿಗೆ ದೂರದೂರದ ಊರುಗಳಲ್ಲಿ ಬೇಡಿಕೆ ಬಂತು.

ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ನನ್ನ ಕುತೂಹಲ ಇರುವುದು ಚಿಮಣಿಗಳು ಎದ್ದ ಮೇಲಿನ ದಿನಗಳ ಬಗ್ಗೆ. ಕೂಲಿ ಕೊಡುವವರೂ ಕರ್ತನ ರಾತ್ರಿಭೋಜನ ಬಡಿಸುವವರೂ ಒಂದೇ ಮಿಷನ್ನಿನವರಾದಾಗ, ಕೂಲಿ ಸಾಲದೆಂದು ಹೇಳುವವನು ಯಾರ ಬಾಗಿಲು ತಟ್ಟಬೇಕು? ಮೇಸ್ತ್ರಿಯ ಮೇಲೆ ದೂರಿದ್ದರೆ ಅದು ಕಾರ್ಖಾನೆಯ ದೂರೋ, ಸಭೆಯ ಮೇಲಿನ ದೂರೋ? ಮಿಷನರಿಗಳು ಕೆಟ್ಟವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕರಾದ, ಹೊಟ್ಟೆಬಟ್ಟೆ ಕಟ್ಟಿ ದುಡಿದ ಜನ ಅವರು. ಪ್ರಾಮಾಣಿಕರ ಕೈಯಲ್ಲೂ ಕೂಗಿನ ದಾರಿ ಮುಚ್ಚಿಹೋಗಬಹುದು ಎಂಬುದೇ ನನ್ನನ್ನು ಕಾಡುವ ವಿಷಯ. ಮೊದಲನೆಯ ಮಹಾಯುದ್ಧ ಬಂದು, ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಗಿ, ಕಾರ್ಖಾನೆಗಳು ಸರ್ಕಾರದ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಕೂಲಿ ಕೊಡುವವರು ಬೇರೆ, ಸಭಾಪಾಲಕರು ಬೇರೆ ಆದರು. ಅದು ಯಾರೋ ಯೋಚಿಸಿ ಮಾಡಿದ್ದಲ್ಲ, ಯುದ್ಧ ಮಾಡಿದ್ದು.

ಸಭೆಯೊಳಗಿನ ಜಾತಿಯ ವಿಷಯದಲ್ಲಂತೂ ಕೂಗು ಕಿವಿಗೆ ಬೀಳಲು ತೀರಾ ತಡವಾಯಿತು. ಕ್ರಿಸ್ತನಲ್ಲಿ ಭೇದವಿಲ್ಲ ಎಂಬುದು ಎಲ್ಲ ಪಂಗಡಗಳ ಬ್ಯಾನರಿನಲ್ಲೂ ಇತ್ತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ತಮ್ಮ ಉಪನ್ಯಾಸದಲ್ಲಿ ಎತ್ತಿದ ಪ್ರಶ್ನೆಯಿಂದ ಮುಂದೆ ದಲಿತ ದೈವಶಾಸ್ತ್ರ ಎಂಬ ಚಿಂತನೆಯೇ ಬೆಳೆಯಿತು. ಸಭೆಯ ಸದಸ್ಯರಲ್ಲಿ ಬಹುಪಾಲು ಜನರಾದ ದಲಿತರ ನೋವಿಗೆ ಸಭೆಯ ದೈವಶಾಸ್ತ್ರದಲ್ಲಿ ಜಾಗ ಇರಲಿಲ್ಲ ಎಂಬ ಮಾತು ಅದು. ಹೊರಗಿನ ಟೀಕಾಕಾರ ಆಡಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಒಳಗಿನವರು, ಪುಲ್ಪಿಟ್ಟಿನಲ್ಲಿ ನಿಲ್ಲಬಲ್ಲವರು ಆಡಿದ್ದರಿಂದ ಅದು ಐದನೆಯ ಅಧ್ಯಾಯದ ಕೂಗಾಯಿತು. ಸ್ಮಶಾನದ ಜಾಗ, ಮದುವೆಯ ಸಂಬಂಧ, ಡಯಾಸಿಸ್ ಚುನಾವಣೆಯ ಪ್ಯಾನೆಲ್‌ಗಳ ಲೆಕ್ಕ ಬಲ್ಲವರು ಆ ಕೂಗು ಅಡಗಿದೆ ಎನ್ನಲಾರರು.

ನೆಹೆಮೀಯನ ಪುಸ್ತಕದ ಕೊನೆಯ ಅಧ್ಯಾಯವನ್ನೂ ಶಿಬಿರಗಳಲ್ಲಿ ಓದುವುದಿಲ್ಲ. ಅವನು ಅರಸನ ಬಳಿಗೆ ಹೋಗಿ ಮರಳಿ ಬರುವಷ್ಟರಲ್ಲಿ ದೇವಾಲಯದ ದೊಡ್ಡ ಕೋಣೆಯೊಂದರಲ್ಲಿ ಟೋಬೀಯ ಮನೆ ಮಾಡಿಕೊಂಡಿದ್ದಾನೆ. ಗೋಡೆಗೆ ಅಡ್ಡಿಪಡಿಸಿದ ಅದೇ ಟೋಬೀಯ. ಯಾಜಕನಾದ ಎಲ್ಯಾಷೀಬನಿಗೆ ಅವನು ಬೇಕಾದವನು, ಅದಕ್ಕೇ ಕೋಣೆ ಸಿಕ್ಕಿದೆ. ಲೇವಿಯರಿಗೆ ಸಲ್ಲಬೇಕಾದ ಧಾನ್ಯ, ದ್ರಾಕ್ಷಾರಸ, ಎಣ್ಣೆ ಇಡುತ್ತಿದ್ದ ಕೋಣೆ ಅದು. ಪಾಲು ಸಿಗದ ಲೇವಿಯರೂ ಗಾಯಕರೂ ಹಾಡು ಬಿಟ್ಟು ತಮ್ಮ ಹೊಲಗಳಿಗೆ ಹೋಗಿದ್ದಾರೆ. ಗೋಡೆ ಮಾತ್ರ ಗಟ್ಟಿಯಾಗಿಯೇ ನಿಂತಿದೆ! ನೆಹೆಮೀಯ ಟೋಬೀಯನ ಸಾಮಾನುಗಳನ್ನೆಲ್ಲ ಹೊರಗೆ ಎಸೆಯುತ್ತಾನೆ. ಆಮೇಲೆ ಮಾಡುವುದೇ ಹೆಚ್ಚು ಮುಖ್ಯ: ಉಗ್ರಾಣದ ಮೇಲೆ ಒಬ್ಬ ಯಾಜಕ, ಒಬ್ಬ ಶಾಸ್ತ್ರಿ, ಒಬ್ಬ ಲೇವಿ, ಜೊತೆಗೊಬ್ಬ ಸಹಾಯಕನನ್ನು ನೇಮಿಸುತ್ತಾನೆ. ಒಬ್ಬ ಯಾಜಕನ ನೆಂಟಸ್ತಿಕೆಯಿಂದ ಹೋದ ಕೋಣೆಯನ್ನು ಮತ್ತೆ ಒಬ್ಬ ಯಾಜಕನ ಕೈಗಷ್ಟೇ ಒಪ್ಪಿಸಲಿಲ್ಲ.

ಆದಿಸಭೆಯ ಅಪೊಸ್ತಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಿನದ ಊಟ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಭಾಷೆಯವರು ಗೊಣಗಿದರು. ಅಪೊಸ್ತಲರ ಮಾತಿನಂತೆ ಸಭೆ ಆ ಕೆಲಸಕ್ಕೆ ಏಳು ಜನರನ್ನು ಆರಿಸಿತು. ಹೆಸರುಗಳನ್ನು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರಿದವರ ಕಡೆಯವರ ಕೈಗೇ ಉಗ್ರಾಣ ಒಪ್ಪಿಸಿದಂತೆ ಕಾಣುತ್ತದೆ. ಸಮತೋಲನ ಇರಲೆಂದು ಅರ್ಧ ಅರ್ಧ ಮಾಡಲೂ ಇಲ್ಲ.

ನಮ್ಮ ಕಮಿಟಿಗೆ ಹೊಸದಾಗಿ ಬಂದ ಸಭಾಪಾಲಕರೊಬ್ಬರು ಅಜೆಂಡಾದಲ್ಲಿ ಒಂದು ಸಾಲು ಸೇರಿಸಿದರು. ಪ್ರಾರ್ಥನೆಯಾದ ಕೂಡಲೇ, ಲೆಕ್ಕಪತ್ರಕ್ಕೂ ಮೊದಲು, ಈ ತಿಂಗಳು ನಮ್ಮ ಮೇಲೆ ಬಂದ ದೂರುಗಳು ಎಂಬ ಸಾಲು. ಕೆಲವರಿಗೆ ಅದು ಇಷ್ಟವಾಗಲಿಲ್ಲ. ಸಭೆಯ ಮರ್ಯಾದೆಯ ಪ್ರಶ್ನೆ ಬಂತು. ಆರಂಭದಲ್ಲಿ ಮೈಕಿನ ಸದ್ದು, ಪಾರ್ಕಿಂಗ್ ಇಂಥವೇ ಬಂದವು. ಒಂದು ತಿಂಗಳು ಮಾತ್ರ ಸ್ತ್ರೀಯರ ಸಂಘದ ಕಾರ್ಯದರ್ಶಿ ಎದ್ದು, ದೇವಾಲಯ ಗುಡಿಸುವ ಹೆಂಗಸಿಗೆ ಎಷ್ಟೋ ಕಾಲದಿಂದ ಅದೇ ಸಂಬಳ ಕೊಡುತ್ತಿದ್ದೇವೆ, ಅದನ್ನು ಯಾರ ಹತ್ತಿರ ಹೇಳಬೇಕೆಂದು ಆಕೆಗೆ ಗೊತ್ತಿಲ್ಲ ಎಂದರು. ಅದರ ಮೇಲೆಯೇ ಮಾತು ಬೆಳೆದು ರಾತ್ರಿಯಾಯಿತು. ಭವನದ ಎರಡನೆಯ ಅಂತಸ್ತಿನ ನಕ್ಷೆ ಹಿಡಿದು ಬಂದಿದ್ದ ಕಂಟ್ರಾಕ್ಟರು ಹೊರಗೆ ಬೆಂಚಿನ ಮೇಲೆ ಕಾದು ಕಾದು, ಮುಂದಿನ ತಿಂಗಳು ಬರುತ್ತೇನೆಂದು ಹೇಳಿ ಹೋದರು. ಖಜಾಂಚಿಗೆ ಅಸಮಾಧಾನವಾಯಿತು. ಸಿಮೆಂಟಿನ ಬೆಲೆ ಅಷ್ಟರಲ್ಲಿ ಏರುತ್ತದೆ ಎಂದು ಅವರು ಹೇಳಿದ್ದನ್ನು ಮಿನಿಟ್ಸಿನಲ್ಲಿ ಬರೆದುಕೊಂಡೆವು.