ಕರಸ್ಥಲದ ಚದುರಂಗ



ವೀರಶೈವನ ಎಡಗೈ ಸಾಮಾನ್ಯವಾದ ಕೈಯಲ್ಲ. ದೀಕ್ಷಾಕಾಲದಲ್ಲಿ ಶ್ರೀಗುರುವು ಇಷ್ಟಲಿಂಗವನ್ನು ಆ ಅಂಗೈಯಲ್ಲಿ ಇರಿಸಿದ ಕ್ಷಣದಿಂದ ಅದು ಕರಸ್ಥಲವೆನಿಸುವುದು. ಪೂಜೆಗೆ ಅದೇ ಪೀಠ, ಅದೇ ಗರ್ಭಗೃಹ. ದೃಷ್ಟಿಯನ್ನು ಲಿಂಗದಲ್ಲಿ ನಿಲ್ಲಿಸಿ, ದೃಷ್ಟಿಯ ಮೂಲಕ ಮನಸ್ಸನ್ನು ನಿಲ್ಲಿಸುವುದು ನಮ್ಮ ಪೂಜಾವಿಧಾನದ ತಿರುಳು.

ಇಂದು ಅದೇ ಎಡಗೈಯಲ್ಲಿ ಇನ್ನೊಂದು ವಸ್ತು ಬಂದು ಕುಳಿತಿದೆ. ಅದು ಮೊಬೈಲ್ ಫೋನು. ಲಿಂಗವನ್ನು ಹತ್ತು ನಿಮಿಷ ದಿಟ್ಟಿಸುವಷ್ಟರಲ್ಲಿ ಬೇಸರಗೊಳ್ಳುವ ಕಣ್ಣು, ಇದನ್ನು ನಾಲ್ಕು ಗಂಟೆ ದಿಟ್ಟಿಸಿದರೂ ದಣಿಯದು. ಇದು ವಿಚಾರಮಾಡತಕ್ಕ ಸಂಗತಿಯಲ್ಲವೇ?

ಕೆಲವು ತಿಂಗಳ ಹಿಂದೆ ಒಬ್ಬ ತರುಣ ಅಧ್ಯಾಪಕನು ಮಠಕ್ಕೆ ಬಂದು ತನ್ನ ವೃತ್ತಾಂತವನ್ನು ನಿವೇದಿಸಿಕೊಂಡನು. ಹೆಸರು ಹೇಳದೆ ಅದನ್ನು ನಿಮ್ಮ ಮುಂದಿಡಲು ಅವನ ಒಪ್ಪಿಗೆಯುಂಟು. ಅವನು ಕುಡುಕನಲ್ಲ, ಜೂಜುಗಾರನಲ್ಲ, ದುರ್ಜನರ ಸಂಗ ಮಾಡಿದವನಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಫೋನಿನಲ್ಲಿ ಚದುರಂಗವಾಡಲು ಮೊದಲು ಮಾಡಿದನು. ಆ ವರ್ಷ ಲೋಕದ ನಾನಾ ದೇಶಗಳಲ್ಲಿ ಅಸಂಖ್ಯ ಜನರು ಹಾಗೆಯೇ ಮಾಡಿದರು. ಮೊದಲು ದಿನಕ್ಕೊಂದು ಆಟ, ಬಳಿಕ ಐದು, ಬಳಿಕ ಎಣಿಕೆಯಿಲ್ಲ. ಶಾಲೆಗಳು ತೆರೆದವು, ಆಟ ಮಾತ್ರ ನಿಲ್ಲಲಿಲ್ಲ. ಬೆಳಗಿನ ಪೂಜೆ ಐದು ನಿಮಿಷಕ್ಕೆ ಇಳಿಯಿತು. ಪಾಠ ಹೇಳುವಾಗಲೂ ಹಿಂದಿನ ರಾತ್ರಿ ಸೋತ ಆಟದ ಕುದುರೆಯ ನಡೆಯೇ ಕಣ್ಣೆದುರು ಕುಣಿಯುತ್ತಿತ್ತು.

ಒಂದು ರಾತ್ರಿ ಹನ್ನೊಂದು ಗಂಟೆಯ ಮೇಲೆ ಪಕ್ಕದ ಕೋಣೆಯಿಂದ ವೃದ್ಧಮಾತೆ ನೀರು ಕೇಳಿದಳು. ಅವನು 3 ನಿಮಿಷಗಳ ಆಟದ ನಡುವೆ ಇದ್ದನು. ಆ ಆಟದಲ್ಲಿ ಗಡಿಯಾರವನ್ನು ತಡೆದು ನಿಲ್ಲಿಸಲು ಬರುವುದಿಲ್ಲ; ಎದ್ದುಹೋದರೆ ಸೋಲು. ಸೋತರೆ ಎಂಟೋ ಹತ್ತೋ ಅಂಕಗಳು ಇಳಿಯುವವು. “ಬಂದೆ ಅವ್ವಾ” ಎಂದನು. ಆ ಆಟ ಸೋತನು. ಸೋಲನ್ನು ತುಂಬಿಕೊಳ್ಳಲು ಇನ್ನೊಂದನ್ನು ಹೂಡಿದನು. ತಾಯಿ ತಾನೇ ಎದ್ದಳು; ಕತ್ತಲಲ್ಲಿ ಜಾರಿ ಬಿದ್ದಳು. ಎಡಗೈಯ ಮಣಿಕಟ್ಟು ಮುರಿಯಿತು.

“ಅಪ್ಪಾ, 64 ಮನೆಗಳನ್ನು ಕಾಯುತ್ತ ಕುಳಿತು ನನ್ನ ಮನೆಯನ್ನೇ ಕಾಯದೆ ಹೋದೆ” ಎಂದು ಆ ತರುಣನು ಅತ್ತನು.

ಹಾಗಾದರೆ ಚದುರಂಗವು ಪಾಪವೋ? ಹಾಗೆನ್ನಲಾಗದು. ಬಸವಾದಿ ಶರಣರು ಬಾಳಿದ ಕಲ್ಯಾಣದಲ್ಲಿಯೇ, ಅವರಿಗಿಂತ ಸ್ವಲ್ಪ ಮೊದಲು ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಚತುರಂಗ ಕ್ರೀಡೆಯನ್ನು ವರ್ಣಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಇಳಿಸಿ ಸುತ್ತಿಸುವ ಬಂಧಗಳನ್ನು ರಚಿಸಿ ಕೀರ್ತಿ ಪಡೆದರು. 2024ರ ಡಿಸೆಂಬರಿನಲ್ಲಿ ನಮ್ಮ ನೆರೆಯ ಚೆನ್ನೈ ನಗರದ ಗುಕೇಶನು ಸಿಂಗಪುರದಲ್ಲಿ ತನ್ನ 18ನೆಯ ವಯಸ್ಸಿಗೆ ಜಗಜ್ಜೇತನಾದನು. ಏಕಾಗ್ರತೆ, ಮುಂದಾಲೋಚನೆ, ಸೋಲನ್ನು ಸಹಿಸುವ ಧೈರ್ಯ ಇವುಗಳನ್ನು ಕಲಿಸುವ ವಿದ್ಯೆಯನ್ನು ನಿಂದಿಸುವುದು ಸಲ್ಲದು. ದೋಷವಿರುವುದು ಬೇರೆಡೆ. ಅದೆಲ್ಲಿ ಎಂಬುದನ್ನು ನೋಡೋಣ.

ಹಿಂದೆ ಚದುರಂಗವಾಡಲು ಎದುರಿಗೊಬ್ಬ ಮನುಷ್ಯ ಬೇಕಾಗಿತ್ತು. ಅವನಿಗೆ ಹಸಿವಾಗುತ್ತಿತ್ತು, ನಿದ್ರೆ ಬರುತ್ತಿತ್ತು, ಅವನ ಮನೆಯಿಂದ ಕರೆ ಬರುತ್ತಿತ್ತು. ಆಟವು ತಾನಾಗಿ ಮುಗಿಯುತ್ತಿತ್ತು. ಇಂದಿನ ಜಾಲತಾಣದಲ್ಲಿ ಒಬ್ಬನು ಮಲಗಿದರೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇನ್ನೊಬ್ಬನು ಎದ್ದಿರುತ್ತಾನೆ. ಗುಂಡಿಯನ್ನೊತ್ತಿದ ಕೆಲವೇ ಕ್ಷಣಗಳಲ್ಲಿ ಎದುರಾಳಿ ಸಿದ್ಧ. ಸಾಕೆನ್ನುವವರು ಯಾರೂ ಇಲ್ಲ.

ಎರಡನೆಯದು ಅಂಕದ ಮಾಯೆ. ಆಟಗಾರನ ಬಲವನ್ನು ಅಂಕದಿಂದ ಅಳೆಯುವ ಗಣಿತವನ್ನು ಹಂಗೆರಿಯಲ್ಲಿ ಜನಿಸಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾಡ್ ಇಲೊ ರೂಪಿಸಿದರು. 1970ರಲ್ಲಿ ಅದನ್ನು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ಅಂಗೀಕರಿಸಿತು. ಜಾಲತಾಣಗಳು ಇಂಥದೇ ಗಣಿತದಿಂದ ಸಮಬಲರನ್ನು ಸಮಬಲರೊಡನೆ ಜೋಡಿಸುವವು. ಗೆದ್ದವನ ಅಂಕ ಏರಿದಂತೆ ಅವನಿಗೆ ಇನ್ನೂ ಬಲಶಾಲಿಯಾದ ಎದುರಾಳಿಯು ದೊರೆಯುವನು. ಆದುದರಿಂದ ಹೊಸಬನೂ ಹೆಚ್ಚುಕಡಮೆ ಅರ್ಧ ಸೋಲುವನು. ಹತ್ತು ವರ್ಷ ಆಡಿ ನುರಿತವನೂ ಹೆಚ್ಚುಕಡಮೆ ಅರ್ಧ ಸೋಲುವನು. ಎಷ್ಟು ಮೆಟ್ಟಿಲೇರಿದರೂ ತೃಪ್ತಿಯೆಂಬ ಮಹಡಿ ಸಿಕ್ಕದು. ಇದು ಆಡುವವನ ದುರದೃಷ್ಟವಲ್ಲ; ಏರ್ಪಾಡಿನ ಸ್ವಭಾವವೇ ಅದು.

ಮೂರನೆಯದು ಅನಿಶ್ಚಿತ ಫಲದ ಆಸೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳನ್ನಿಟ್ಟುಕೊಂಡು ಪ್ರಯೋಗ ಮಾಡಿದರು. ಕುಕ್ಕಿದಾಗಲೆಲ್ಲ ಕಾಳು ಪಡೆಯುತ್ತಿದ್ದ ಹಕ್ಕಿಯು ಕಾಳು ನಿಂತೊಡನೆ ಬೇಗನೆ ಸುಮ್ಮನಾಗುವುದು. ಯಾವ ಕುಕ್ಕಿಗೆ ಕಾಳು ಬೀಳುವುದೆಂದು ಅರಿಯದ ಹಕ್ಕಿಯಾದರೋ, ಕಾಳು ನಿಂತ ಮೇಲೂ ಬಹುಕಾಲ ಕುಕ್ಕುತ್ತಲೇ ಇರುವುದು. ಗೆದ್ದರೆ ಆಸೆಯಿಂದ ಇನ್ನೊಂದು ಆಟ, ಸೋತರೆ ರೋಷದಿಂದ ಇನ್ನೊಂದು ಆಟ. ಎರಡು ಬಾಗಿಲೂ ಒಂದೇ ಕೋಣೆಗೆ ತೆರೆಯುವವು.

ಈಗ ಶರಣರ ಬಾಳನ್ನು ನೆನೆಯೋಣ. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದರೆಂಬುದು ನಿಮಗೆಲ್ಲ ತಿಳಿದುದೇ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಸತಿ ಲಕ್ಕಮ್ಮನವರು ಅದನ್ನು ಮೆಚ್ಚಲಿಲ್ಲ. ಈ ಆಸೆ ನಮಗೇಕೆಂದು ಕೇಳಿ, ಹೆಚ್ಚಾದುದನ್ನು ತಂದ ಎಡೆಯಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ಅಕ್ಕಿ ಕದ್ದುದಲ್ಲ, ಅಶುದ್ಧವೂ ಅಲ್ಲ. ದೋಷವಿದ್ದುದು ‘ಇನ್ನಷ್ಟು’ ಎಂಬ ಭಾವದಲ್ಲಿ. ಹಾಗೆಯೇ ಚದುರಂಗವು ಅಶುದ್ಧವಲ್ಲ. ‘ಇನ್ನೊಂದು’ ಎಂಬುದೇ ಅದರ ವಿಷ.

ಇನ್ನೊಮ್ಮೆ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತಿದ್ದಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರೂ ಲಕ್ಕಮ್ಮನವರೇ. ಈ ಮಾತನ್ನು ಚೆನ್ನಾಗಿ ಮನನ ಮಾಡಬೇಕು. ಅನುಭಾವಗೋಷ್ಠಿಯಂತಹ ಪವಿತ್ರ ತನ್ಮಯತೆಯೂ ಕಾಯಕವನ್ನು ಮರೆಯಲು ನೆಪವಾಗಲಾರದಾದರೆ, ಒಂದು ಆಟದ ತನ್ಮಯತೆಯು ನೆಪವಾದೀತೇ? ಅಧ್ಯಾಪಕನಿಗೆ ಪಾಠವೇ ಕಾಯಕ. ಮಗನಿಗೆ ತಾಯಿಗೆ ಕೊಡುವ ಒಂದು ಲೋಟ ನೀರೇ ದಾಸೋಹ.

ಕೆಲವರು ಹೇಳುವರು: “ಆಡುವಾಗ ನನ್ನ ಮನಸ್ಸು ಪೂರ್ಣ ಏಕಾಗ್ರವಾಗಿರುತ್ತದೆ, ಅದೂ ಧ್ಯಾನವಲ್ಲವೇ?” ಅಲ್ಲ. ಪರೀಕ್ಷೆ ಸುಲಭ. ಲಿಂಗಧ್ಯಾನದಿಂದ ಎದ್ದವನಿಗೆ ಮನೆಯವರ ಮುಖ ಮೊದಲಿಗಿಂತ ಪ್ರಿಯವಾಗಿ ಕಾಣುವುದು. ಇದರಿಂದ ಎದ್ದವನಿಗೆ ಮನೆಯವರ ಮಾತೇ ಅಡ್ಡಿಯಾಗಿ ತೋರುವುದು. ಒಂದು ತನ್ಮಯತೆ ‘ನಾನು’ ಎಂಬುದನ್ನು ಕರಗಿಸುವುದು; ಇನ್ನೊಂದು ಆ ‘ನಾನು’ವಿಗೆ ನಾಲ್ಕಂಕಿಯ ಸಂಖ್ಯೆಯೊಂದನ್ನು ಕಟ್ಟಿ ಹಗಲಿರುಳು ಕಾಯುವಂತೆ ಮಾಡುವುದು.

ಆ ತರುಣನಿಗೆ ನಾವು ಆಟವನ್ನು ಶಪಿಸುವಂತೆ ಹೇಳಲಿಲ್ಲ. ನಾಲ್ಕು ನಿಯಮಗಳನ್ನು ಮಾತ್ರ ಹೇಳಿದೆವು. ಬೆಳಿಗ್ಗೆ ಲಿಂಗಪೂಜೆಗೆ ಮುನ್ನ ಎಡಗೈಯಲ್ಲಿ ಫೋನು ಹಿಡಿಯಬಾರದು. ಆಡುವುದಾದರೆ ಮರದ ಹಲಗೆಯ ಮೇಲೆ, ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ಆಡಬೇಕು. ಸೋತಾಗ ಅಲ್ಲಿಗೇ ಏಳಬೇಕು. ಸೋಲನ್ನು ಅಂದೇ ತೀರಿಸಿಕೊಳ್ಳಬಾರದು. ರಾತ್ರಿಯ ಊಟವಾದ ಮೇಲೆ ಫೋನನ್ನು ತಾಯಿಯ ತಲೆಯ ದೆಸೆಯಲ್ಲಿರಿಸಬೇಕು.

ಮುರಿದ ಕೈಯಿಂದ ಲಿಂಗವನ್ನು ಹಿಡಿಯಲು ಆ ತಾಯಿಗೆ ಆಗುತ್ತಿರಲಿಲ್ಲ. ಆದರೂ ಪೂಜೆಯನ್ನು ಒಂದು ದಿನವೂ ಬಿಡಲೊಲ್ಲೆನೆಂದಳು. ಪಟ್ಟಿ ಕಟ್ಟಿದ ಆ ಕೈಗೆ ಮಗನು ತನ್ನ ಎರಡು ಕೈಗಳನ್ನೂ ಆಸರೆಯಾಗಿ ಒಡ್ಡಿ, ಪ್ರತಿದಿನ ಬೆಳಿಗ್ಗೆ ಪೂಜೆ ಮುಗಿಯುವವರೆಗೆ ಕುಳಿತಿರುತ್ತಿದ್ದನು. ಆರು ವಾರಗಳವರೆಗೆ ಹೀಗೆ ನಡೆಯಿತು. ಎರಡು ಕೈಗಳೂ ತಾಯಿಯ ಲಿಂಗಕ್ಕೆ ಆಸರೆಯಾಗಿದ್ದಾಗ ಮೂರನೆಯ ವಸ್ತುವಿಗೆ ಎಡೆಯೆಲ್ಲಿಯದು?

ಕಳೆದ ಸೋಮವಾರ ಅವನು ಮತ್ತೆ ಬಂದಿದ್ದನು. “ನಡುವೆ ಎರಡು ಸಲ ಜಾರಿದೆ, ಅಪ್ಪಾ” ಎಂದು ಮರೆಮಾಚದೆ ಹೇಳಿದನು. ಜಾರಿದುದನ್ನು ಅರಿತವನು ಅರ್ಧ ಎದ್ದವನೇ. ಮನಸ್ಸಿನ ಚಾಂಚಲ್ಯವನ್ನು ಬಸವಣ್ಣನವರಂಥ ಮಹಾತ್ಮರೇ ತಮ್ಮದೆಂದು ಒಪ್ಪಿಕೊಂಡು ಮೊರೆಯಿಟ್ಟಿರುವಾಗ, ನಾವು ನಾಚುವುದೇಕೆ? ಒಪ್ಪಿಕೊಳ್ಳದಿರುವುದಕ್ಕೆ ನಾಚಬೇಕು.

ಬಂಧುಗಳೇ, ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ನಿಮ್ಮ ಎಡಗೈಯನ್ನು ಒಮ್ಮೆ ಬಿಚ್ಚಿ ನೋಡಿಕೊಳ್ಳಿರಿ. ಇಂದು ಅಲ್ಲಿ ಯಾವುದು ಎಷ್ಟು ಹೊತ್ತು ಇತ್ತೆಂದು ಕೇಳಿಕೊಳ್ಳಿರಿ. ಉತ್ತರವು ಹಿತವಾಗಿರದಿದ್ದರೂ ನಾಳಿನ ಬೆಳಗು ನಿಮ್ಮದೇ. ಕರಸ್ಥಲವು ಕರಸ್ಥಲವಾಗಿಯೇ ಉಳಿಯಲೆಂದು ಹಾರೈಸಿ ವಿರಮಿಸುತ್ತೇವೆ.